ಹಾಕಿದ್ದು 1.2 ಲಕ್ಷ, ಮಾರಿದ್ದು 23 ಲಕ್ಷ ಅಂತ ಎಐಎಸ್ (ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ಹೇಳುತ್ತಿದೆ. ಕ್ರಿಪ್ಟೋ ತೆರಿಗೆ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ

ಸಕ್ಕರೆನಾಡು_98
14 ಡಿಸೆಂಬರ್ 2025, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಮ್ಮೂರು ಪಾಂಡವಪುರದ ಹತ್ತಿರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಸಂಬಳ ಬಿಟ್ಟರೆ ಬೇರೆ ಆದಾಯ ಇಲ್ಲ. ಇಲ್ಲ ಅಂತ ನಾನು ಅಂದುಕೊಂಡಿದ್ದೆ.

2022ರಿಂದ ಕ್ರಿಪ್ಟೋ ಕೊಂಡು ಮಾರುತ್ತಿದ್ದೇನೆ. ರೂಮಿನಲ್ಲಿದ್ದವರೆಲ್ಲ ಮಾಡುತ್ತಿದ್ದರು, ನಾನೂ ಶುರು ಮಾಡಿದೆ. ಒಟ್ಟು ಹಾಕಿದ್ದು 1,20,000. ಅದೇ ದುಡ್ಡನ್ನು ತಿರುಗಿಸಿ ತಿರುಗಿಸಿ ಆಡಿದ್ದು. 2024-25ರಲ್ಲಿ ಎಲ್ಲ ಕೂಡಿ ಕಳೆದರೆ 25,000 ನಷ್ಟ. ಲಾಭವೇ ಇಲ್ಲವಲ್ಲ, ಏನು ತೋರಿಸುವುದು ಅಂತ ಸೆಪ್ಟೆಂಬರ್‌ನಲ್ಲಿ ಸಂಬಳ ಮಾತ್ರ ಹಾಕಿ ಐಟಿಆರ್-1 ಸಲ್ಲಿಸಿದೆ.

ಮೊನ್ನೆ ಆದಾಯ ತೆರಿಗೆ ಇಲಾಖೆ ಹೆಸರಲ್ಲಿ ಮೇಲ್ ಬಂತು. ವರ್ಚುವಲ್ ಡಿಜಿಟಲ್ ಆಸ್ತಿ (ಅಂದರೆ ಕ್ರಿಪ್ಟೋ) ವ್ಯವಹಾರ ನಿಮ್ಮ ರಿಟರ್ನ್‌ನಲ್ಲಿ ಕಾಣುತ್ತಿಲ್ಲ, ಪರಿಶೀಲಿಸಿ ಅನ್ನೋ ಅರ್ಥದಲ್ಲಿ ಇತ್ತು. ಪೋರ್ಟಲ್‌ಗೆ ಹೋಗಿ ಎಐಎಸ್ ತೆರೆದೆ. ಎದೆ ಧಸಕ್ ಅಂತು. ಮಾರಾಟ 23,40,000. ಟಿಡಿಎಸ್ 23,400. ನನ್ನ ಜೀವಮಾನದಲ್ಲಿ ಅಷ್ಟು ದುಡ್ಡು ನೋಡಿಲ್ಲ ಸ್ವಾಮಿ! ಅದಕ್ಕೆ 30% ಅಂದರೆ 7 ಲಕ್ಷ ಆಗುತ್ತೆ ಅಲ್ವಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಮದ್ದೂರುವಡೆ
14 ಡಿಸೆಂಬರ್, ರಾತ್ರಿ 11.05

ಸುಮ್ನೆ ಇರು ಗುರು. ಇಂಥ ಮೇಲ್ ಸಾವಿರಾರು ಜನಕ್ಕೆ ಬಂದಿದೆ. ಇಲ್ಲಿನ ಎಕ್ಸ್‌ಚೇಂಜ್‌ನಲ್ಲಿ, ಅಂದ್ರೆ ಕ್ರಿಪ್ಟೋ ಕೊಂಡು ಮಾರುವ ಆ್ಯಪ್‌ನಲ್ಲಿ, ಆಡಿದ್ದೇ ನಿನ್ನ ತಪ್ಪು. ನಾನು ಎರಡು ವರ್ಷದಿಂದ ಹೊರದೇಶದ ಆ್ಯಪ್, ಪಿ2ಪಿ, ಅಂದ್ರೆ ನೇರ ಒಬ್ಬರಿಂದ ಇನ್ನೊಬ್ಬರಿಗೆ. ಟಿಡಿಎಸ್ಸೂ ಇಲ್ಲ, ಎಐಎಸ್ಸೂ ಇಲ್ಲ.

ಹಳೇಅಗ್ರಹಾರ
15 ಡಿಸೆಂಬರ್, ಬೆಳಿಗ್ಗೆ 6.20

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಕ್ರಿಪ್ಟೋ ನನಗೆ ಅಷ್ಟಾಗಿ ಅರ್ಥವಾಗದು. ಒಂದು ಮಾತು ಮಾತ್ರ ಹೇಳುತ್ತೇನೆ. ಮೇಲ್‌ನಲ್ಲಿ ಇರುವ ಲಿಂಕ್ ಒತ್ತಬೇಡಪ್ಪ. ಇಲಾಖೆ ಇಂಥ ಮೇಲ್ ಕಳಿಸುತ್ತಿರುವುದು ನಿಜ. ಅದರ ಹೆಸರಲ್ಲೇ ಮೋಸದ ಮೇಲ್‌ಗಳೂ ಓಡಾಡುತ್ತಿವೆ. ಪೋರ್ಟಲ್ ವಿಳಾಸ ನೀನೇ ಟೈಪ್ ಮಾಡಿ ಒಳಗೆ ಹೋಗು. ಅಲ್ಲಿ ಕಂಡರೆ ನಿಜ, ಕಾಣದಿದ್ದರೆ ಡಿಲೀಟ್ ಮಾಡು.

ಸರಸ್ವತಿಪುರಂ_ಲೆಕ್ಕಿಗ
15 ಡಿಸೆಂಬರ್, ಬೆಳಿಗ್ಗೆ 8.15

ತಮ್ಮಾ, 7 ಲಕ್ಷ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಆ 23,40,000 ನಿಮ್ಮ ಆದಾಯ ಅಲ್ಲ.

ಪಾಂಡವಪುರದ ಕಡೆಯವರು ಅಂದಿರಿ. ಕಬ್ಬಿನ ಗಾಡಿ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ನಿಂತಾಗ ಒಂದು ಚೀಟಿ ಕೊಡುತ್ತಾರಲ್ಲ, ಅದರಲ್ಲಿ ಏನಿರುತ್ತದೆ? ಇಷ್ಟು ಟನ್ ಬಂತು ಅಂತ. ಬಿತ್ತನೆಗೆ ಎಷ್ಟು ಹೋಯಿತು, ಗೊಬ್ಬರಕ್ಕೆ ಎಷ್ಟು, ಕಡಿಯುವ ಆಳಿಗೆ ಎಷ್ಟು ಕೊಟ್ಟಿರಿ, ಅದು ಚೀಟಿಯಲ್ಲಿ ಇರುವುದಿಲ್ಲ. ಎಐಎಸ್ ಅಂದರೆ ಆ ತೂಕದ ಚೀಟಿ. ಎಕ್ಸ್‌ಚೇಂಜ್ ನೀವು ಮಾರಿದ ಪ್ರತಿ ಸಲವೂ ಮಾರಿದ ಮೊತ್ತದ ಮೇಲೆ 1% ಟಿಡಿಎಸ್ ಹಿಡಿದು ಇಲಾಖೆಗೆ ಕಟ್ಟುತ್ತದೆ, ನಿಮ್ಮ ಪ್ಯಾನ್ ಹಾಕಿ ವರದಿ ಮಾಡುತ್ತದೆ. ಇದು 194ಎಸ್ ಕಲಂ, 2022ರ ಜುಲೈ 1ರಿಂದ ಜಾರಿ. ಒಂದೇ 1 ಲಕ್ಷವನ್ನು ಇಪ್ಪತ್ತ್ಮೂರು ಸಲ ಕೊಂಡು ಮಾರಿದರೂ ಚೀಟಿಯಲ್ಲಿ 23 ಲಕ್ಷ ಅಂತಲೇ ಬರುತ್ತದೆ. ಕೊಂಡ ಬೆಲೆ ಹೇಳಬೇಕಾದವರು ನೀವು.

ಇನ್ನು ಕಹಿ ವಿಷಯ. ನಷ್ಟ ಆಗಿದೆ, ಹಾಗಾಗಿ ತೆರಿಗೆ ಇಲ್ಲ ಅಂದುಕೊಂಡಿರಲ್ಲ, ಅದು ತಪ್ಪು. ಕ್ರಿಪ್ಟೋಗೆ ಇರುವುದು 115ಬಿಬಿಎಚ್ ಕಲಂ. ಲಾಭದ ಮೇಲೆ ನೇರ 30%, ಅದರ ಮೇಲೆ 4% ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಒಂದು ಕಾಯಿನ್‌ನಲ್ಲಿ ಬಂದ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕುವ ಹಾಗಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಅಂದರೆ ಗೆದ್ದ ವಹಿವಾಟುಗಳನ್ನು ಮಾತ್ರ ಕೂಡಿಸಿ ತೆರಿಗೆ ಹಾಕುತ್ತಾರೆ. ಸೋತದ್ದು ನಿಮ್ಮ ತಲೆಗೆ.

ನಿಮ್ಮ ಎಕ್ಸ್‌ಚೇಂಜ್‌ನಲ್ಲಿ ತೆರಿಗೆ ವರದಿ ಅಂತ ಒಂದು ಫೈಲ್ ಸಿಗುತ್ತದೆ. ಅದರಲ್ಲಿ ಲಾಭ ಬಂದ ವಹಿವಾಟುಗಳ ಮೊತ್ತ ಎಷ್ಟು, ನಷ್ಟದ ಮೊತ್ತ ಎಷ್ಟು, ಬೇರೆ ಬೇರೆಯಾಗಿ ಹೇಳಿ. ಸಂಬಳ ಎಷ್ಟು ಅಂತಲೂ ತಿಳಿಸಿ.

ಕುವೆಂಪುನಗರ_ಅಮ್ಮ
15 ಡಿಸೆಂಬರ್, ಬೆಳಿಗ್ಗೆ 11.30

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಇದನ್ನೇ ಮಾಡುತ್ತಾನಂತೆ. ಪ್ಯಾನ್ ನನ್ನದು, ಬ್ಯಾಂಕ್ ಖಾತೆಯೂ ನನ್ನದು. "ಅಮ್ಮ, ಒಂದು ಒಟಿಪಿ ಬರುತ್ತೆ ಹೇಳು" ಅಂದಾಗಲೆಲ್ಲ ಹೇಳಿದ್ದೇನೆ. ಕರೆಂಟ್ ಬಿಲ್ ಕಟ್ಟುತ್ತಿದ್ದಾನೆ ಅಂತ ನನ್ನ ನಂಬಿಕೆ. ನನಗೆ ಎಫ್‌ಡಿ ಬಡ್ಡಿ ಬಿಟ್ಟರೆ ಆದಾಯ ಇಲ್ಲ, ರಿಟರ್ನ್ ಹಾಕಿದವಳೇ ಅಲ್ಲ. ಈ ಚರ್ಚೆ ಓದಿ ಅವನನ್ನು ಕೂರಿಸಿ ಕೇಳಿದೆ. ಕಳೆದ ವರ್ಷ 1,80,000ಕ್ಕೆ ಮಾರಿದ್ದಾನೆ, 40,000 ಲಾಭವಂತೆ. 3 ಲಕ್ಷದ ಒಳಗೆ ಆದಾಯ ಇದ್ದರೆ ತೆರಿಗೆ ಇಲ್ಲ ಅಂತಾರಲ್ಲ, ನಾನೂ ಹಾಕಬೇಕಾ?

ಸರಸ್ವತಿಪುರಂ_ಲೆಕ್ಕಿಗ
15 ಡಿಸೆಂಬರ್, ಮಧ್ಯಾಹ್ನ 1.10

ಹಾಕಬೇಕು ಮೇಡಂ. ಆ 3 ಲಕ್ಷದ ವಿನಾಯಿತಿ ಕ್ರಿಪ್ಟೋ ಲಾಭಕ್ಕೆ ಸಿಗುವುದಿಲ್ಲ. ಮೊದಲ ರೂಪಾಯಿಂದಲೇ 30%. ನಿಮ್ಮ 40,000ಕ್ಕೆ 12,000, ಸೆಸ್ 480, ಒಟ್ಟು 12,480. ಟಿಡಿಎಸ್ 1,800 ಆಗಲೇ ಹೋಗಿದ್ದರೆ ಉಳಿದದ್ದು 10,680, ಜೊತೆಗೆ ಬಡ್ಡಿ. ತಡವಾದ ರಿಟರ್ನ್ ಹಾಕಲು ಡಿಸೆಂಬರ್ 31ರವರೆಗೆ ಸಮಯ ಇದೆ.

ಆಡಿದ್ದು ಮಗ ಅಂತ ನೀವು ಹೇಳಬಹುದು. ಆದರೆ ಕೆವೈಸಿ ಯಾರ ಹೆಸರಲ್ಲಿದೆಯೋ ಅವರನ್ನೇ ಇಲಾಖೆ ಕೇಳುವುದು. ಮಗನಿಗೆ 18 ತುಂಬಿದ್ದರೆ ಅವನದೇ ಪ್ಯಾನ್‌ನಲ್ಲಿ ಖಾತೆ ತೆರೆಯಲಿ. ನಿಮ್ಮದನ್ನು ಮುಚ್ಚಿಸಿ. ಮುಚ್ಚಿಸುವ ಮೊದಲು ಪೂರ್ತಿ ವಹಿವಾಟಿನ ಫೈಲ್ ಇಳಿಸಿಕೊಳ್ಳಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿ.

ಕುವೆಂಪುನಗರ_ಅಮ್ಮ
15 ಡಿಸೆಂಬರ್, ಮಧ್ಯಾಹ್ನ 1.25

10,680 ಅವನ ಪಾಕೆಟ್ ಮನಿಯಿಂದಲೇ ಕಟ್ಟಿಸುತ್ತೇನೆ.

ಸಕ್ಕರೆನಾಡು_98
15 ಡಿಸೆಂಬರ್, ರಾತ್ರಿ 9.50

ಲೆಕ್ಕಿಗ ಸರ್, ಕೂತು ಫೈಲ್ ತೆಗೆದೆ. ಕೊಂಡು ಮಾರಿದ್ದು 300ಕ್ಕೂ ಜಾಸ್ತಿ ಸಲ ಇದೆ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೋ. ಲಾಭದವೆಲ್ಲ ಕೂಡಿದರೆ 2,34,000 ಅಂತ ವರದಿ ಹೇಳುತ್ತಿದೆ. ನಷ್ಟದವು 2,11,000. ಇವೆರಡನ್ನು ಕಳೆದರೆ 23,000 ಲಾಭ ಬರುತ್ತೆ. ಆದರೆ ನನಗೆ ಲಾಭ ಬಂದೇ ಇಲ್ಲ, 25,000 ಹೋಗಿದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿಲ್ಲ. ಸಂಬಳ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 4,60,000.

ಚಾಮುಂಡಿತಪ್ಪಲು
15 ಡಿಸೆಂಬರ್, ರಾತ್ರಿ 10.30

ನಾನು ಬೆಂಗಳೂರಿನ ಒಂದು ಎಕ್ಸ್‌ಚೇಂಜ್‌ನಲ್ಲಿ ಎರಡು ವರ್ಷ ಇದ್ದೆ, ಗ್ರಾಹಕರ ದೂರು ನೋಡಿಕೊಳ್ಳುವ ವಿಭಾಗ. ಈಗ ಮೈಸೂರಿಗೆ ವಾಪಸ್. ನಿಮ್ಮ ಅಂಕಿ ನೋಡಿದ ತಕ್ಷಣ ಒಂದು ಅನುಮಾನ ಬಂತು. 48,000 ರೂಪಾಯಿಯ ವ್ಯತ್ಯಾಸ. ಬೇರೆ ಎಕ್ಸ್‌ಚೇಂಜ್‌ನಲ್ಲಿ ಕೊಂಡ ಕಾಯಿನ್ ಯಾವುದನ್ನಾದರೂ ಇಲ್ಲಿಗೆ ಕಳಿಸಿಕೊಂಡು ಮಾರಿದ್ದೀರಾ?

ಸಕ್ಕರೆನಾಡು_98
15 ಡಿಸೆಂಬರ್, ರಾತ್ರಿ 10.34

ಹೌದು ಮೇಡಂ!! ಎಥೀರಿಯಂ. ಮೊದಲು ಇದ್ದ ಎಕ್ಸ್‌ಚೇಂಜ್‌ನಲ್ಲಿ 48,000ಕ್ಕೆ ಕೊಂಡಿದ್ದೆ. ಇಲ್ಲಿಗೆ ತಂದು 61,000ಕ್ಕೆ ಮಾರಿದೆ. ನಿಮಗೆ ಹೇಗೆ ಗೊತ್ತಾಯಿತು?

ಚಾಮುಂಡಿತಪ್ಪಲು
15 ಡಿಸೆಂಬರ್, ರಾತ್ರಿ 10.58

ದಿನಕ್ಕೆ ಹತ್ತು ಸಲ ಇದೇ ದೂರು ಬರುತ್ತಿತ್ತು. ಹೊರಗಿನಿಂದ ಬಂದ ಕಾಯಿನ್‌ಗೆ ಎಷ್ಟು ಕೊಟ್ಟಿರಿ ಅಂತ ಎರಡನೇ ಎಕ್ಸ್‌ಚೇಂಜ್‌ಗೆ ಗೊತ್ತಿರುವುದಿಲ್ಲ. ಅದು ಕೊಂಡ ಬೆಲೆ ಸೊನ್ನೆ ಅಂತ ಹಾಕಿಕೊಳ್ಳುತ್ತದೆ. ಹಾಗಾಗಿ 61,000ಕ್ಕೆ 61,000ವೂ ಲಾಭ ಅಂತ ತೋರಿಸುತ್ತದೆ. ನಿಜವಾದ ಲಾಭ 13,000. ಅದನ್ನು ಸರಿ ಮಾಡಿದರೆ ನಿಮ್ಮ ಲಾಭದ ಮೊತ್ತ 1,86,000 ಆಗುತ್ತದೆ, ಮತ್ತು ನೀವು ಹೇಳಿದ 25,000 ನಷ್ಟವೂ ಕೂಡುತ್ತದೆ. ಮೊದಲ ಎಕ್ಸ್‌ಚೇಂಜ್‌ನ ಫೈಲ್ ಇಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತಾರೀಕಿನ ಪ್ರಕಾರ ಹೊಂದಿಸಬೇಕು. ನಿಮ್ಮದೇ ಒಂದು ಖಾತೆಯಿಂದ ನಿಮ್ಮದೇ ಇನ್ನೊಂದು ಖಾತೆಗೆ ಕಳಿಸಿದ್ದಕ್ಕೆ ತೆರಿಗೆ ಇಲ್ಲ. ಕಳಿಸುವಾಗ ಕಡಿದ ಶುಲ್ಕವನ್ನು ಖರ್ಚು ಅಂತ ತೋರಿಸುವ ಹಾಗೂ ಇಲ್ಲ.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. ಬಿಟ್‌ಕಾಯಿನ್ ಕೊಟ್ಟು ಬೇರೆ ಕಾಯಿನ್ ತೆಗೆದುಕೊಂಡರೆ ಅದೂ ಮಾರಾಟವೇ. ರೂಪಾಯಿ ಕೈಗೆ ಬಂದಿಲ್ಲವಲ್ಲ ಅಂತ ಬಿಟ್ಟುಬಿಡುತ್ತಾರೆ. ಅಲ್ಲಿ ಎರಡೂ ಕಡೆಯವರಿಂದ 1% ಹೋಗುತ್ತದೆ. ಟಿಡಿಎಸ್ ಕಾಯಿನ್ ರೂಪದಲ್ಲೇ ಹಿಡಿದಿಟ್ಟುಕೊಂಡು, ಮಧ್ಯರಾತ್ರಿ 12ರ ಬಾಕಿ ನೋಡಿ ರೂಪಾಯಿಗೆ ಬದಲಿಸಿ ಸರ್ಕಾರಕ್ಕೆ ಕಟ್ಟುವ ಕ್ರಮ. 2022ರ ಜೂನ್ 22ರ 13ನೇ ಸುತ್ತೋಲೆಯಲ್ಲಿ ಇದು ಇದೆ. ಅದು ಬಂದದ್ದು ಜೂನ್ 22, ಜಾರಿ ಜುಲೈ 1. ಎಂಟು ದಿನದಲ್ಲಿ ಇಡೀ ಸಾಫ್ಟ್‌ವೇರ್ ಬದಲಿಸಬೇಕಾಗಿತ್ತು. ಆ ವಾರ ನಮ್ಮ ಹುಡುಗರು ಆಫೀಸಿನಲ್ಲೇ ಮಲಗಿದ್ದರು. ಜುಲೈ 1ರ ಬೆಳಿಗ್ಗೆಯಿಂದ ಫೋನ್‌ನಲ್ಲಿ ಬೈಗುಳ. "ನನ್ನ ದುಡ್ಡು ಕದಿಯುತ್ತಿದ್ದೀರಾ" ಅಂತ.

ಸರಸ್ವತಿಪುರಂ_ಲೆಕ್ಕಿಗ
16 ಡಿಸೆಂಬರ್, ಬೆಳಿಗ್ಗೆ 7.40

ಮೇಡಂ, ಚೆನ್ನಾಗಿ ಹಿಡಿದಿರಿ. ಹಾಗಾದರೆ ಲೆಕ್ಕ ಹೀಗೆ ಬರುತ್ತದೆ.

ತೆರಿಗೆಗೆ ಒಳಪಡುವ ಲಾಭ 1,86,000. ಅದರ 30% ಅಂದರೆ 55,800. ಸೆಸ್ 2,232. ಒಟ್ಟು 58,032. ಟಿಡಿಎಸ್ 23,400 ಕಳೆದರೆ 34,632. ಬಡ್ಡಿ ಸೇರಿ 39 ಸಾವಿರ ಚಿಲ್ಲರೆ ಆಗಬಹುದು.

ನೀವು ಸೆಪ್ಟೆಂಬರ್‌ನಲ್ಲಿ ಸಮಯಕ್ಕೆ ಸರಿಯಾಗಿ ರಿಟರ್ನ್ ಹಾಕಿದ್ದು ಒಳ್ಳೆಯದಾಯಿತು. ಈಗ ರಿವೈಸ್ಡ್ ರಿಟರ್ನ್ ಹಾಕಬಹುದು, ಅದಕ್ಕೂ ಡಿಸೆಂಬರ್ 31 ಕೊನೆ. ಐಟಿಆರ್-1ರಲ್ಲಿ ಕ್ರಿಪ್ಟೋ ತೋರಿಸಲು ಜಾಗವೇ ಇಲ್ಲ. ಐಟಿಆರ್-2 ತೆಗೆದುಕೊಂಡು ಅದರಲ್ಲಿ ಕ್ರಿಪ್ಟೋಗೆಂದೇ ಇರುವ ಶೆಡ್ಯೂಲ್ ವಿಡಿಎ ತುಂಬಬೇಕು. ಕೊಂಡ ತಾರೀಕು, ಮಾರಿದ ತಾರೀಕು, ಕೊಂಡ ಬೆಲೆ, ಮಾರಿದ ಬೆಲೆ. ನಷ್ಟ ಆದ ಸಾಲಿನಲ್ಲಿ ಆದಾಯದ ಜಾಗಕ್ಕೆ ಸೊನ್ನೆ ಬರುತ್ತದೆ, ಮೈನಸ್ ಹಾಕಿದರೆ ತಗೊಳ್ಳುವುದಿಲ್ಲ. ಆದರೆ ಆ ಸಾಲನ್ನು ಬಿಡಬೇಡಿ. ಎಲ್ಲ ಸಾಲುಗಳ ಮಾರಾಟ ಕೂಡಿದರೆ ಎಐಎಸ್‌ನ 23,40,000ಕ್ಕೆ ಹೊಂದಬೇಕು. ಲಾಭದ್ದು ಮಾತ್ರ ಹಾಕಿ ಕೂತವರಿಗೇ ಮತ್ತೆ ಮೇಲ್ ಬರುವುದು.

ನಿಮ್ಮದು 4,60,000ಕ್ಕೆ 1,86,000 ಸೇರಿದರೂ 7 ಲಕ್ಷದ ಒಳಗೇ ಇದೆ, ಬಚಾವ್. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ ಅದನ್ನು ದಾಟಿದ್ದರೆ ಸಂಬಳದ ಮೇಲಿನ ರಿಯಾಯಿತಿಗೂ ಪೆಟ್ಟು ಬೀಳುತ್ತಿತ್ತು. ಇದು 2024-25ರ ಲೆಕ್ಕ, ಈ ವರ್ಷದ್ದು ಬೇರೆ.

ಸಕ್ಕರೆನಾಡು_98
16 ಡಿಸೆಂಬರ್, ಬೆಳಿಗ್ಗೆ 8.05

25,000 ಕಳೆದುಕೊಂಡವನು 58,000 ತೆರಿಗೆ ಕಟ್ಟಬೇಕಾ ಸರ್? ಇದು ಯಾವ ನ್ಯಾಯ?

ಹಳೇಅಗ್ರಹಾರ
16 ಡಿಸೆಂಬರ್, ಬೆಳಿಗ್ಗೆ 9.30

ನ್ಯಾಯ ಅಂತ ನನಗೂ ಅನ್ನಿಸುವುದಿಲ್ಲ. ಶೇರಿನಲ್ಲಿ ನಷ್ಟವಾದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಇದಕ್ಕೆ ಒಂದು ದಿನವೂ ಇಲ್ಲ.

ಆದರೆ ಸ್ವಲ್ಪ ಹಿಂದಿನ ಕಥೆ ನೋಡು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂದಾಗ ನಾನು ಇನ್ನೂ ಸೇವೆಯಲ್ಲಿದ್ದೆ. ಕ್ರಿಪ್ಟೋ ವ್ಯವಹಾರದವರಿಗೆ ಬ್ಯಾಂಕ್ ಸೇವೆ ಕೊಡಬೇಡಿ ಅಂತ. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರ ಬಜೆಟ್‌ನಲ್ಲಿ ತೆರಿಗೆ ಬಂತು. ಆ ಬಜೆಟ್ ಮಂಡಿಸಿದ ನಿರ್ಮಲಾ ಸೀತಾರಾಮನ್ ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ತೆರಿಗೆ ಹಾಕಿದ್ದಾರೆ, ಹಾಗಾದರೆ ಮಾನ್ಯತೆ ಸಿಕ್ಕಿತು ಅಂತ ಹುಡುಗರೆಲ್ಲ ಕುಣಿದರು. ತೆರಿಗೆ ಹಾಕಿದ ಮಾತ್ರಕ್ಕೆ ಕಾನೂನಿನ ಮಾನ್ಯತೆ ಅಲ್ಲ ಅಂತ ಅವರೇ ಆಮೇಲೆ ಹೇಳಿದರು.

ಆ 1% ಇದೆಯಲ್ಲ, ಅದು ದುಡ್ಡಿಗಾಗಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೆಜ್ಜೆ ಗುರುತಿಗಾಗಿ. ಯಾರು, ಯಾವಾಗ, ಎಷ್ಟಕ್ಕೆ ಮಾರಿದರು ಅಂತ ಪ್ಯಾನ್ ಸಮೇತ ಗೊತ್ತಾಗಬೇಕು, ಅಷ್ಟೇ. ಈ ತಿಂಗಳು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ 2024-25ರಲ್ಲಿ ಎಕ್ಸ್‌ಚೇಂಜ್‌ಗಳು ಕಟ್ಟಿದ ಟಿಡಿಎಸ್ ಸುಮಾರು 512 ಕೋಟಿ ಅಂತಿದೆ. ಮಹಾರಾಷ್ಟ್ರದ್ದು 293 ಕೋಟಿ, ನಮ್ಮ ಕರ್ನಾಟಕದ್ದು ಸುಮಾರು 134 ಕೋಟಿ. 512 ಕೋಟಿ 1% ಆದರೆ ವಹಿವಾಟು ಎಷ್ಟು, ನೀನೇ ಗುಣಿಸಿಕೋ. ಅಷ್ಟೂ ಇಲಾಖೆಯ ಕಂಪ್ಯೂಟರ್‌ನಲ್ಲಿ ಕೂತಿದೆ.

ಚಾಮುಂಡಿತಪ್ಪಲು
16 ಡಿಸೆಂಬರ್, ಬೆಳಿಗ್ಗೆ 10.10

ಗುರುತಿಗಾಗಿ ಆಗಿದ್ದರೆ 0.01% ಸಾಕಿತ್ತು ಸರ್. ಅದನ್ನೇ ಎಕ್ಸ್‌ಚೇಂಜ್‌ನವರು ಕೇಳುತ್ತಾ ಬಂದದ್ದು. 1% ಅಂದರೆ ಆಗಾಗ ಆಡುವವನ ಬಂಡವಾಳವೇ ಕರಗುತ್ತದೆ. ಈ ಹುಡುಗನದೇ ನೋಡಿ. ಹಾಕಿದ್ದು 1,20,000. ನಷ್ಟ 25,000, ಟಿಡಿಎಸ್ 23,400. ಕೈಯಲ್ಲಿ ಉಳಿದದ್ದು 71,600. ಜುಲೈ 2022ರ ನಂತರ ನಮ್ಮಲ್ಲಿ ವಹಿವಾಟು ಕುಸಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಜನ ಆಟ ಬಿಡಲಿಲ್ಲ, ಗುರುತು ಸಿಗದ ಕಡೆಗೆ ಹೋದರು. ಮದ್ದೂರುವಡೆಯವರ ಹಾಗೆ.

ಹಳೇಅಗ್ರಹಾರ
16 ಡಿಸೆಂಬರ್, ಬೆಳಿಗ್ಗೆ 10.40

ಒಪ್ಪಿದೆ ತಾಯಿ. 1% ಜಾಸ್ತಿಯೇ.

ಸಕ್ಕರೆನಾಡು_98
16 ಡಿಸೆಂಬರ್, ಸಂಜೆ 7.15

ಇನ್ನೊಂದು ಕೇಳಬೇಕಿತ್ತು. ನನ್ನ ಪರಿಚಯದ ಒಬ್ಬರು "ನಿಮ್ಮ ಮನೆಯಲ್ಲಿ ಜಮೀನು ಇದೆಯಲ್ಲ, ಲಾಭವನ್ನು ಕೃಷಿ ಆದಾಯ ಅಂತ ತೋರಿಸಿಬಿಡು, ತೆರಿಗೆ ಬರಲ್ಲ" ಅಂತಿದ್ದಾರೆ. ಸಾಧ್ಯನಾ?

ಸರಸ್ವತಿಪುರಂ_ಲೆಕ್ಕಿಗ
16 ಡಿಸೆಂಬರ್, ಸಂಜೆ 7.22

ಆ ಪರಿಚಯದವರ ಹತ್ತಿರ ಇನ್ನು ಮೇಲೆ ಕಾಫಿಯನ್ನೂ ಕುಡಿಯಬೇಡಿ. 194ಎಸ್ ಅಂತ ನಿಮ್ಮ ಪ್ಯಾನ್ ಮೇಲೆ ಬರೆದು ಕೂತಿದೆ. ಬಿಟ್‌ಕಾಯಿನ್ ಯಾವ ನಾಲೆಯ ನೀರಲ್ಲಿ ಬೆಳೆಯಿತು ಅಂತ ಅಧಿಕಾರಿ ಕೇಳಿದರೆ ಏನು ಹೇಳುತ್ತೀರಿ? ತಪ್ಪು ಲೆಕ್ಕ ಹಾಕಿದ್ದು ಬೇರೆ, ಗೊತ್ತಿದ್ದೂ ಸುಳ್ಳು ಹೇಳಿದ್ದು ಬೇರೆ. ಎರಡನೆಯದಕ್ಕೆ ದಂಡ ತೆರಿಗೆಯ ಎರಡರಷ್ಟು ಆಗಬಹುದು.

ಮದ್ದೂರುವಡೆ
18 ಡಿಸೆಂಬರ್, ರಾತ್ರಿ 11.50

ಮೊನ್ನೆ ಜೋರಾಗಿ ಬರೆದಿದ್ದೆ. ಈಗ ಮರ್ಯಾದೆ ಬಿಟ್ಟು ಕೇಳುತ್ತಿದ್ದೇನೆ.

ಪಿ2ಪಿಯಲ್ಲಿ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಮಾರಿದ್ದೆ. ಕೊಂಡವನು ಯಾರೋ ಗೊತ್ತಿಲ್ಲ, 38,000 ನನ್ನ ಖಾತೆಗೆ ಹಾಕಿದ. ಇವತ್ತು ಬೆಳಿಗ್ಗೆ ಪೆಟ್ರೋಲ್ ಹಾಕಿಸಿ ಯುಪಿಐ ಮಾಡಿದರೆ ಆಗುತ್ತಿಲ್ಲ. ಬ್ಯಾಂಕಿಗೆ ಹೋದೆ. ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆಯಂತೆ ಖಾತೆ ತಡೆಹಿಡಿದಿದ್ದಾರೆ. ಆ 38,000 ಯಾರೋ ಮೋಸ ಹೋದವರ ದುಡ್ಡಂತೆ. ನನ್ನ ಸಂಬಳವೂ ಅದೇ ಖಾತೆಯಲ್ಲಿದೆ. ಬ್ಯಾಂಕಿನವರು "ಅಲ್ಲಿಗೇ ಬರೆದು ಕೇಳಿ" ಅನ್ನುತ್ತಾರೆ. ಬಂಕ್ ಹುಡುಗನ ಮುಂದೆ ಮುಖ ಎತ್ತಲಾಗಲಿಲ್ಲ, ಪಕ್ಕದಲ್ಲಿದ್ದವರು ಕೊಟ್ಟರು.

ಚಾಮುಂಡಿತಪ್ಪಲು
19 ಡಿಸೆಂಬರ್, ಬೆಳಿಗ್ಗೆ 7.05

ಇದನ್ನು ಕೇಳಿ ಖುಷಿ ಪಡುವವಳಲ್ಲ ನಾನು. ಮೊದಲು ಆ ಆ್ಯಪ್‌ನಲ್ಲಿರುವ ಆರ್ಡರ್ ವಿವರ, ಕೊಂಡವನ ಜೊತೆಗಿನ ಚಾಟ್, ಕಾಯಿನ್ ಬಿಡುಗಡೆ ಮಾಡಿದ ಸಮಯ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲವು ಆ್ಯಪ್‌ಗಳಲ್ಲಿ ಹಳೆಯದು ಕಾಣದೇ ಹೋಗುತ್ತದೆ. ಬ್ಯಾಂಕಿನಿಂದ ದೂರಿನ ಸಂಖ್ಯೆ ಮತ್ತು ಯಾವ ಠಾಣೆ ಅಂತ ಬರಹದಲ್ಲಿ ಪಡೆಯಿರಿ. ಇಡೀ ಖಾತೆ ಬಿಟ್ಟು ವಿವಾದದ 38,000 ಮಾತ್ರ ತಡೆಹಿಡಿಯಿರಿ ಅಂತ ತನಿಖಾಧಿಕಾರಿಗೆ ದಾಖಲೆ ಸಮೇತ ಬರೆಯಿರಿ. ಆಗದಿದ್ದರೆ ವಕೀಲರನ್ನು ನೋಡಿ.

ಸರಸ್ವತಿಪುರಂ_ಲೆಕ್ಕಿಗ
19 ಡಿಸೆಂಬರ್, ಬೆಳಿಗ್ಗೆ 8.30

ತೆರಿಗೆ ಕಡೆಯದು ನಾನು ಹೇಳುತ್ತೇನೆ. ಮಧ್ಯೆ ಎಕ್ಸ್‌ಚೇಂಜ್ ಇಲ್ಲದಿದ್ದರೆ 1% ಹಿಡಿಯುವ ಹೊಣೆ ಕೊಂಡವನದು. ನೀವು ಕೊಂಡಾಗ ನಿಮ್ಮದು. ಸಾಮಾನ್ಯ ಸಂಬಳದಾರನಿಗೆ ವರ್ಷಕ್ಕೆ 50,000 ದಾಟಿದರೆ ಇದು ಅನ್ವಯಿಸುತ್ತದೆ. ಟ್ಯಾನ್ (ಟಿಡಿಎಸ್ ಹಿಡಿಯುವವರು ಪಡೆಯುವ ಸಂಖ್ಯೆ) ಬೇಡ, ಫಾರಂ 26ಕ್ಯೂಇ ತುಂಬಿ, ತಿಂಗಳು ಮುಗಿದು 30 ದಿನದೊಳಗೆ ಕಟ್ಟಬೇಕು. ಪಿ2ಪಿ ಮಾಡುವ ಎಷ್ಟು ಜನ ಅದನ್ನು ತುಂಬಿದ್ದಾರೆ? ನನ್ನ ಕಚೇರಿಗೆ ಇವತ್ತಿನವರೆಗೆ ಬಂದವರು ಇಬ್ಬರು.

"ಹೊರದೇಶದ ಆ್ಯಪ್ ಆದರೆ ಗೊತ್ತಾಗಲ್ಲ" ಅನ್ನುವ ಕಾಲ ಮುಗಿಯುತ್ತಾ ಬಂತು. 2023ರ ಮಾರ್ಚ್ 7ಕ್ಕೆ ಕ್ರಿಪ್ಟೋ ಸೇವೆ ಕೊಡುವವರನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿ ತಂದರು. ಭಾರತದವರಿಗೆ ಸೇವೆ ಕೊಡುವವರೆಲ್ಲ ಎಫ್ಐಯು-ಇಂಡಿಯಾದಲ್ಲಿ (ಕೇಂದ್ರದ ಹಣಕಾಸು ಗುಪ್ತಚರ ಘಟಕ) ನೋಂದಣಿ ಆಗಬೇಕು. ಆಗದ ಒಂಬತ್ತು ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ಅದೇ ವರ್ಷ ಡಿಸೆಂಬರ್ 28ಕ್ಕೆ ನೋಟಿಸ್ ಹೋಯಿತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ದಂಡ, ಬೈಬಿಟ್‌ಗೆ 2025ರ ಜನವರಿಯಲ್ಲಿ 9.27 ಕೋಟಿ. ದೊಡ್ಡವರೆಲ್ಲ ಒಬ್ಬೊಬ್ಬರಾಗಿ ನೋಂದಣಿ ಮಾಡಿಸಿಕೊಳ್ಳುತ್ತಿದ್ದಾರೆ. ಇದರ ಮೇಲೆ ಒಇಸಿಡಿಯ ಕಾರ್ಫ್ ಅನ್ನುವ ವ್ಯವಸ್ಥೆ ಬರುತ್ತಿದೆ. ಒಪ್ಪಿದ ದೇಶಗಳು ತಮ್ಮ ಎಕ್ಸ್‌ಚೇಂಜ್‌ಗಳಲ್ಲಿರುವ ಬೇರೆ ದೇಶದವರ ಮಾಹಿತಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. ಮೊದಲ ತಂಡದ ದೇಶಗಳು 2027ರಲ್ಲಿ ಶುರು ಮಾಡಲಿವೆ.

ಹೊರದೇಶದ ಎಕ್ಸ್‌ಚೇಂಜ್‌ನಲ್ಲಿ ಕಾಯಿನ್ ಇಟ್ಟವರು ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್ಎ ಕೂಡ ತುಂಬಿ ಅಂತಲೇ ನಾನು ಹೇಳುವುದು. ಅದನ್ನು ಬಿಟ್ಟವರ ಮೇಲೆ ಕಪ್ಪು ಹಣ ಕಾಯ್ದೆಯಲ್ಲಿ 10 ಲಕ್ಷ ದಂಡದ ಅವಕಾಶ ಇದೆ.

ಮದ್ದೂರುವಡೆ
19 ಡಿಸೆಂಬರ್, ಬೆಳಿಗ್ಗೆ 9.00

ಸರ್, ನಿಮ್ಮ ಕಚೇರಿ ಸರಸ್ವತಿಪುರಂನಲ್ಲಿ ಎಲ್ಲಿ?

ನಿರ್ವಾಹಕ
19 ಡಿಸೆಂಬರ್, ಬೆಳಿಗ್ಗೆ 9.20

ವಿಳಾಸ, ಫೋನ್ ನಂಬರ್, ಪ್ಯಾನ್ ಯಾರೂ ಇಲ್ಲಿ ಹಾಕಬೇಡಿ. ಖಾಸಗಿ ಸಂದೇಶದಲ್ಲಿ ಮಾತಾಡಿಕೊಳ್ಳಿ. ಎಐಎಸ್ ಚಿತ್ರ ಹಾಕಿದ್ದ ಒಂದು ಬರಹ ತೆಗೆದಿದ್ದೇನೆ.

ಸಕ್ಕರೆನಾಡು_98
27 ಡಿಸೆಂಬರ್, ರಾತ್ರಿ 12.15

ಲೆಕ್ಕಿಗ ಸರ್, ಎರಡು ಫೈಲ್ ಹೊಂದಿಸಿದೆ. ಎರಡು ರಾತ್ರಿ ಹೋಯಿತು. ಒಂದು ತೊಡಕು. ಮೊದಲ ಎಕ್ಸ್‌ಚೇಂಜ್‌ನಲ್ಲಿ 640 ರೂಪಾಯಿ ಟಿಡಿಎಸ್ ಹಿಡಿದದ್ದು ಅವರ ಫೈಲ್‌ನಲ್ಲಿ ಇದೆ, 26ಎಎಸ್‌ನಲ್ಲಿ (ನನ್ನ ಪ್ಯಾನ್‌ಗೆ ಜಮಾ ಆದ ಟಿಡಿಎಸ್ ತೋರಿಸುವ ಇಲಾಖೆಯ ಪಟ್ಟಿ) ಇಲ್ಲ. ಬರೆದು ಕೇಳಿದರೆ "ಪರಿಶೀಲಿಸುತ್ತೇವೆ" ಅಂತ ಒಂದೇ ಉತ್ತರ, ಐದು ದಿನದಿಂದ.

ಚಾಮುಂಡಿತಪ್ಪಲು
27 ಡಿಸೆಂಬರ್, ಬೆಳಿಗ್ಗೆ 6.50

ಸಾಮಾನ್ಯವಾಗಿ ಮೂರು ಕಾರಣ. ಪ್ಯಾನ್ ತಪ್ಪಾಗಿ ಹೋಗಿರುತ್ತದೆ, ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಟಿಡಿಎಸ್ ಪಟ್ಟಿಯಲ್ಲಿ ನಿಮ್ಮ ಸಾಲು ಬಿಟ್ಟುಹೋಗಿರುತ್ತದೆ, ಇಲ್ಲವೇ ಅವರು ಕಟ್ಟಿಯೇ ಇರುವುದಿಲ್ಲ. ಮೊದಲ ಎರಡಾದರೆ ತಿದ್ದುಪಡಿ ಪಟ್ಟಿ ಸಲ್ಲಿಸಿದರೆ ಬಂದುಬಿಡುತ್ತದೆ. ಮಾರಿದ ತಾರೀಕು, ಮೊತ್ತ, ಪ್ಯಾನ್ ಹಾಕಿ "ತಿದ್ದುಪಡಿ ಸಲ್ಲಿಸಿ" ಅಂತ ಸ್ಪಷ್ಟವಾಗಿ ಬರೆಯಿರಿ. ಸುಮ್ನೆ "ನನ್ನ ಟಿಡಿಎಸ್ ಕಾಣುತ್ತಿಲ್ಲ" ಅಂದರೆ ದೂರು ಮೊದಲ ಮೇಜಿನಲ್ಲೇ ಸುತ್ತುತ್ತಿರುತ್ತದೆ. ನಾನು ಕೂತಿದ್ದು ಆ ಮೇಜಿನಲ್ಲೇ.

ಸರಸ್ವತಿಪುರಂ_ಲೆಕ್ಕಿಗ
27 ಡಿಸೆಂಬರ್, ಬೆಳಿಗ್ಗೆ 8.00

ನಿಮ್ಮಿಂದ ಹಿಡಿದ ಟಿಡಿಎಸ್ಸನ್ನು ಎಕ್ಸ್‌ಚೇಂಜ್ ಕಟ್ಟದಿದ್ದರೆ ಅದನ್ನು ಮತ್ತೆ ನಿಮ್ಮಿಂದ ವಸೂಲಿ ಮಾಡುವಂತಿಲ್ಲ. 205ನೇ ಕಲಂ ಅದನ್ನೇ ಹೇಳುತ್ತದೆ. ಆದರೆ ಅದನ್ನು ಹೇಳಿ ಗೆಲ್ಲುವುದಕ್ಕೆ ಕಾಗದ ಪತ್ರ, ಓಡಾಟ ಬೇಕು. 640 ರೂಪಾಯಿಗೆ 31ರ ಗಡುವು ತಪ್ಪಿಸಿಕೊಳ್ಳಬೇಡಿ. 26ಎಎಸ್‌ನಲ್ಲಿ ಇರುವ 23,400 ಮಾತ್ರ ತೋರಿಸಿ, ಉಳಿದ ತೆರಿಗೆ ಕಟ್ಟಿ, ರಿಟರ್ನ್ ಹಾಕಿ.

ಸಕ್ಕರೆನಾಡು_98
30 ಡಿಸೆಂಬರ್, ರಾತ್ರಿ 9.10

ಹಾಕಿದೆ. ಇ-ವೆರಿಫೈ ಕೂಡ ಆಯಿತು. ಬಡ್ಡಿ ಸೇರಿ 39 ಸಾವಿರ ಚಿಲ್ಲರೆಯೇ ಬಂತು, ನೀವು ಹೇಳಿದ ಹಾಗೆ. ಉಳಿದಿದ್ದ ಕಾಯಿನ್ ಮಾರಿ ಕಟ್ಟಿದೆ. ಆ ಮಾರಾಟಕ್ಕೂ 1% ಹಿಡಿದರು.

ಕುವೆಂಪುನಗರ_ಅಮ್ಮ
31 ಡಿಸೆಂಬರ್, ಸಂಜೆ 4.00

ನನ್ನದೂ ಆಯಿತು. ಮಗನೇ ಕೂತು ತುಂಬಿದ. ಈ ಸಲ ಒಟಿಪಿ ಹೇಳುವ ಮೊದಲು ಪರದೆ ಮೇಲಿದ್ದದ್ದನ್ನೆಲ್ಲ ಓದಿಸಿದೆ.

ಸಕ್ಕರೆನಾಡು_98
8 ಫೆಬ್ರವರಿ 2026, ಮಧ್ಯಾಹ್ನ 12.30

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ. ಆ 640 ರೂಪಾಯಿ ಕಳೆದ ವಾರ 26ಎಎಸ್‌ಗೆ ಬಂತು. ತಿದ್ದುಪಡಿ ಸಲ್ಲಿಸಿ ಅಂತ ಬರೆದದ್ದೇ ಕೆಲಸ ಮಾಡಿತು, ಚಾಮುಂಡಿತಪ್ಪಲು ಮೇಡಂಗೆ ಥ್ಯಾಂಕ್ಸ್.

ಈ ಸಲದ ಬಜೆಟ್‌ನಲ್ಲಿ ಎಕ್ಸ್‌ಚೇಂಜ್‌ಗಳಿಗೆ ದಂಡ ಅಂತ ಓದಿದೆ. ನಮಗೇನಾದರೂ ಬದಲಾಗುತ್ತಾ? 2022-23 ಮತ್ತು 2023-24ರದ್ದೂ ನಾನು ತೋರಿಸಿಲ್ಲ. ಮೊದಲ ವರ್ಷ ಪೂರ್ತಿ ನಷ್ಟ, ಒಂದರಲ್ಲೂ ಲಾಭ ಇಲ್ಲ. ಎರಡನೇ ವರ್ಷ ಸುಮಾರು 30,000 ಲಾಭದ ವಹಿವಾಟು ಇವೆ.

ಸರಸ್ವತಿಪುರಂ_ಲೆಕ್ಕಿಗ
8 ಫೆಬ್ರವರಿ, ಸಂಜೆ 5.45

ಮೊದಲು ಎಕ್ಸ್‌ಚೇಂಜ್ ವಿಷಯ. 2025ರ ಬಜೆಟ್‌ನಲ್ಲಿ 285ಬಿಎಎ ಅಂತ ಹೊಸ ಕಲಂ ತಂದರು. ಟಿಡಿಎಸ್ ಪಟ್ಟಿ ಅಲ್ಲದೆ, ಕ್ರಿಪ್ಟೋ ವ್ಯವಹಾರದ ಪೂರ್ತಿ ವಿವರವನ್ನು ಎಕ್ಸ್‌ಚೇಂಜ್ ಬೇರೆಯಾಗಿ ಕೊಡಬೇಕು ಅಂತ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ ಆದಾಯ ತೆರಿಗೆ ಕಾಯ್ದೆ 2025 ಬರುತ್ತದೆ, ಅದರಲ್ಲಿ ಇದೇ 509ನೇ ಕಲಂ. ಈ ಬಜೆಟ್‌ನಲ್ಲಿ ಪ್ರಸ್ತಾಪಿಸಿರುವುದು ಅದಕ್ಕೆ ಹಲ್ಲು. ವಿವರ ಕೊಡದಿದ್ದರೆ ದಿನಕ್ಕೆ 200 ರೂಪಾಯಿ, ತಪ್ಪು ವಿವರ ಕೊಟ್ಟು ತಿದ್ದದಿದ್ದರೆ 50,000 ದಂಡ. ಕೋಟಿಗಟ್ಟಲೆ ವಹಿವಾಟಿನವರಿಗೆ ದಿನಕ್ಕೆ 200 ಅಂದರೆ ಎರಡು ಮಸಾಲೆ ದೋಸೆ, ಎರಡು ಕಾಫಿ. ಆದರೂ ನಿಮ್ಮ 640 ರೂಪಾಯಿಯಂಥದ್ದು ಕಡಿಮೆ ಆಗಬಹುದು ಅಂತ ನನಗೆ ಆಸೆ. 30% ಹಾಗೇ ಇದೆ, 1% ಹಾಗೇ ಇದೆ. ನಷ್ಟದ ವಿಷಯದಲ್ಲೂ ಏನೂ ಬದಲಾಗಿಲ್ಲ.

ಇನ್ನು ನಿಮ್ಮ ಹಳೇ ವರ್ಷಗಳು. ಅದಕ್ಕೆ ಐಟಿಆರ್-ಯು, ಅಂದರೆ ಗಡುವು ಮುಗಿದ ವರ್ಷಗಳ ರಿಟರ್ನ್ ಸರಿಪಡಿಸುವ ಫಾರಂ. 2023-24ರ 30,000ಕ್ಕೆ ತೆರಿಗೆ 9,000, ಸೆಸ್ 360. ಟಿಡಿಎಸ್ ಕಳೆದು ಉಳಿದ ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ 25% ಕಟ್ಟಬೇಕು. ಇದು ಮಾರ್ಚ್ 31ರವರೆಗೆ. ಏಪ್ರಿಲ್ 1 ಆದರೆ 25 ಹೋಗಿ 50% ಆಗುತ್ತದೆ.

2022-23ರದ್ದು ಪೂರ್ತಿ ನಷ್ಟ ಅಂದಿರಿ. ಅಲ್ಲಿ ಕಟ್ಟಬೇಕಾದ ತೆರಿಗೆ ಇಲ್ಲ. ಆದರೆ ಐಟಿಆರ್-ಯುನಲ್ಲಿ ರೀಫಂಡ್ ಕೇಳುವ ಹಾಗಿಲ್ಲ. ಆ ವರ್ಷ ಹಿಡಿದ ಟಿಡಿಎಸ್ ಎಷ್ಟಿತ್ತು?

ಸಕ್ಕರೆನಾಡು_98
8 ಫೆಬ್ರವರಿ, ಸಂಜೆ 6.20

4,100.

ಸರಸ್ವತಿಪುರಂ_ಲೆಕ್ಕಿಗ
8 ಫೆಬ್ರವರಿ, ಸಂಜೆ 6.31

ಅದು ಹೋಯಿತು ಅಂತಲೇ ತಿಳಿಯಿರಿ. ಸಮಯಕ್ಕೆ ರಿಟರ್ನ್‌ನಲ್ಲಿ ತೋರಿಸಿದ್ದರೆ ಅಷ್ಟೂ ವಾಪಸ್ ಬರುತ್ತಿತ್ತು. ಆ ವರ್ಷದ ಫೈಲ್ ಮಾತ್ರ ಎಸೆಯಬೇಡಿ, ಕೇಳಿದರೆ ನಷ್ಟ ಅಂತ ತೋರಿಸಲು ಬೇಕು. 2023-24ರದ್ದನ್ನು ಮಾರ್ಚ್ ಮೂರನೇ ವಾರದೊಳಗೆ ಮುಗಿಸಿ, ಕೊನೇ ದಿನ ಪೋರ್ಟಲ್ ಹೇಗಿರುತ್ತೆ ಅಂತ ಗೊತ್ತಲ್ಲ.

ಸಕ್ಕರೆನಾಡು_98
8 ಫೆಬ್ರವರಿ, ರಾತ್ರಿ 10.05

ಸರಿ ಸರ್. ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅಟ್ಟದಿಂದ ಒಂದು ಗಂಟು ಇಳಿಸಿದರು. ಹನ್ನೊಂದು ವರ್ಷದ ಕಬ್ಬಿನ ತೂಕದ ಚೀಟಿ, ಗೊಬ್ಬರದ ಅಂಗಡಿ ಬಿಲ್ಲು, ಎಲ್ಲ ವರ್ಷವಾರು ದಾರ ಕಟ್ಟಿ ಇಟ್ಟಿದ್ದಾರೆ. ಅವರಿಗೆ ತೆರಿಗೆ ಇಲ್ಲ, ಯಾರೂ ಕೇಳುವುದೂ ಇಲ್ಲ. "ಕಾರ್ಖಾನೆಯವರು ಒಂದು ಸಲ ಎರಡು ಟನ್ ಕಡಿಮೆ ಬರೆದಿದ್ದರು, ಅವತ್ತಿಂದ ಇಟ್ಟುಕೊಂಡಿದ್ದೀನಿ" ಅಂದರು.

ಮೂರೂ ವರ್ಷದ ಫೈಲ್ ಈಗ ಪೆನ್‌ಡ್ರೈವ್‌ನಲ್ಲಿ ಹಾಕಿದ್ದೇನೆ. ಅದೂ ಆ ಗಂಟಿನಲ್ಲೇ ಇದೆ.

ಮದ್ದೂರುವಡೆ
9 ಫೆಬ್ರವರಿ, ಬೆಳಿಗ್ಗೆ 7.30

ನನ್ನ ಖಾತೆ ಜನವರಿ ಕೊನೆಗೆ ಬಿಡುಗಡೆ ಆಯಿತು, 38,000 ಬಿಟ್ಟು. ಲೆಕ್ಕಿಗ ಸರ್, ಶನಿವಾರ ಬರುತ್ತೇನೆ. ಎರಡು ವರ್ಷದ್ದೂ ತರುತ್ತೇನೆ, ಜೊತೆಗೆ ವಡೆಯನ್ನೂ.